ಹಳೆ ಮೋಟಾರ್ ಸೈಕಲ್ಲಿನ ಎಂಜಿನ್ನಿಗೆ ಕಸ, ಕಲ್ಲು ಹೋಗದಂತೆ ಕಾಪಾಡುವುದು ಹೇಗೆ?



ಈ ಸಲದ ಗೋಡೆ ಪತ್ರಿಕೆಗೆ "ನಮ್ಮ ಮನೆಯ ಒಂದು ಯಂತ್ರ" ಎಂಬ ವಿಷಯದ ಮೇಲೆ ಬರೆಯಬೇಕೆಂದು ವಿಜ್ಞಾನದ ಮೇಷ್ಟ್ರು ಹೇಳಿದ್ದಾರೆ. ಕೆಲವರು ಪಂಪ್‌ಸೆಟ್ಟಿನ ಬಗ್ಗೆ, ಕೆಲವರು ಹೊಲಿಗೆ ಯಂತ್ರದ ಬಗ್ಗೆ ಬರೆಯುತ್ತಿದ್ದಾರೆ. ನಾನು ನಮ್ಮ ಮನೆಯ ಯೆಜ್ಡಿ ಗಾಡಿಯ ಬಗ್ಗೆ ಬರೆದಿದ್ದೇನೆ. ಆ ಗಾಡಿಯ ಎಂಜಿನ್ನು ಹೋದ ವರ್ಷ ನನ್ನಿಂದಲೇ ಕೆಟ್ಟಿತು. ಅದಕ್ಕೆ ಕಾರಣ ರಾಗಿ ಕಾಳಿನಷ್ಟು ದೊಡ್ಡ ಒಂದು ಕಲ್ಲಿನ ಚೂರು. ಅಷ್ಟು ಸಣ್ಣ ಕಲ್ಲು ಅಷ್ಟು ದೊಡ್ಡ ಗಾಡಿಯನ್ನು ಹೇಗೆ ನಿಲ್ಲಿಸಿತು, ಹಾಗೆ ಆಗದಂತೆ ಏನು ಮಾಡಬೇಕು ಎಂಬುದನ್ನು ಮೇಸ್ತ್ರಿ ಮಾವನ ಹತ್ತಿರ ಮತ್ತು ಮೇಷ್ಟ್ರ ಹತ್ತಿರ ಕೇಳಿ ತಿಳಿದುಕೊಂಡು ಬರೆದಿದ್ದೇನೆ. ತಪ್ಪಿದ್ದರೆ ತಿದ್ದಬೇಕೆಂದು ಕೋರುತ್ತೇನೆ.

1. ಗಾಡಿಯ ಪರಿಚಯ

ನಮ್ಮ ಗಾಡಿಯನ್ನು ನಮ್ಮ ತಾತ 1986ರಲ್ಲಿ ತೆಗೆದದ್ದು. ಅದನ್ನು ತಯಾರಿಸಿದ್ದು ನಮ್ಮ ಮೈಸೂರಿನಲ್ಲೇ! ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆ ಇತ್ತು. ಜಾವಾ ಎಂಬುದು ಮೊದಲು ಯುರೋಪಿನ ಜೆಕೊಸ್ಲೊವಾಕಿಯಾ ದೇಶದ ಗಾಡಿ. ಅದು 1929ರಲ್ಲಿ ಶುರುವಾಯಿತು. ಯಾನೆಚೆಕ್ ಎಂಬುವರ ಹೆಸರಿನ ಮೊದಲ ಎರಡು ಅಕ್ಷರ ಮತ್ತು ವಾಂಡರರ್ ಎಂಬ ಕಂಪನಿಯ ಹೆಸರಿನ ಮೊದಲ ಎರಡು ಅಕ್ಷರ ಸೇರಿ ಜಾವಾ ಎಂಬ ಹೆಸರು ಬಂತು. ಅವರ ಒಪ್ಪಿಗೆ ಪಡೆದು ಮೈಸೂರಿನಲ್ಲಿ 1961ರಿಂದ ಜಾವಾ ಗಾಡಿ ತಯಾರಾಯಿತು. 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಗಾಡಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

2018ರಲ್ಲಿ ಜಾವಾ ಹೆಸರು, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂದಿವೆ. ಆದರೆ ಆ ಹೊಸ ಗಾಡಿಗಳ ಎಂಜಿನ್ನೇ ಬೇರೆ. ಅವುಗಳ ಸಾಮಾನು ನಮ್ಮ ಹಳೆ ಗಾಡಿಯ ಎಂಜಿನ್ನಿಗೆ ಕೂರುವುದಿಲ್ಲ. ಆದ್ದರಿಂದ ಹಳೆ ಎಂಜಿನ್ನು ಸವೆದರೆ ಹೊಸದು ತರುತ್ತೇವೆ ಎನ್ನುವ ಹಾಗಿಲ್ಲ. ಇರುವುದನ್ನೇ ಉಳಿಸಿಕೊಳ್ಳಬೇಕು.

ಈ ಗಾಡಿಯಲ್ಲಿ ಒಂದು ವಿಶೇಷ ಇದೆ. ಕಿಕ್ ಹೊಡೆಯುವ ಲಿವರ್ರೇ ಗೇರ್ ಲಿವರ್. ಕಿಕ್ ಹೊಡೆದಾದ ಮೇಲೆ ಅದನ್ನೇ ಮುಂದಕ್ಕೆ ತಿರುಗಿಸಿ ಗೇರ್ ಹಾಕಬೇಕು. ಎರಡು ಸೈಲೆನ್ಸರ್ ಇದ್ದರೂ ಸಿಲಿಂಡರ್ ಒಂದೇ. ನಾನು ಬಹಳ ದಿನ ಎರಡು ಎಂಜಿನ್ ಇದೆ ಎಂದೇ ತಿಳಿದಿದ್ದೆ.

ನಮ್ಮ ಅಪ್ಪ ಬೆಳಗಿನ ಜಾವ 4 ಗಂಟೆಗೆ ಈ ಗಾಡಿಯಲ್ಲೇ ಸೊಪ್ಪಿನ ಮೂಟೆ ಕಟ್ಟಿಕೊಂಡು ಪೇಟೆಗೆ ಹೋಗುತ್ತಾರೆ. ನಮ್ಮ ಊರಿಗೆ ಮೊದಲ ಬಸ್ಸು ಬರುವುದೇ ಆರೂವರೆಗೆ. ಅಷ್ಟೊತ್ತಿಗೆ ಸೊಪ್ಪಿನ ವ್ಯಾಪಾರ ಮುಗಿದಿರುತ್ತದೆ.

2. ಎಂಜಿನ್ನಿನ ಒಳಗೆ ಏನಾಗುತ್ತದೆ?

ಸಿಲಿಂಡರ್ ಎಂದರೆ ಒಂದು ದುಂಡನೆಯ ಬೀಡು ಕಬ್ಬಿಣದ ಕೊಳವೆ. ಮೇಸ್ತ್ರಿಗಳು ಇದನ್ನು ಬೋರು ಎನ್ನುತ್ತಾರೆ. ಅದರೊಳಗೆ ಅಲ್ಯೂಮಿನಿಯಂ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಪಿಸ್ಟನ್ನಿನ ಸುತ್ತ ರಿಂಗುಗಳಿರುತ್ತವೆ. ಕೆಳಗಡೆ ಒಂದು ಮುಚ್ಚಿದ ಕೋಣೆ ಇದೆ. ಅದರಲ್ಲಿ ಕ್ರ್ಯಾಂಕು ತಿರುಗುತ್ತದೆ.

ನಮ್ಮದು ಟೂ ಸ್ಟ್ರೋಕ್ ಎಂಜಿನ್. ಪಿಸ್ಟನ್ ಮೇಲಕ್ಕೆ ಹೋದಾಗ ಕಾರ್ಬುರೇಟರಿನಿಂದ ಗಾಳಿ ಮತ್ತು ಪೆಟ್ರೋಲು ಬೆರೆತು ಕೆಳಗಿನ ಕ್ರ್ಯಾಂಕ್ ಕೋಣೆಗೆ ಬರುತ್ತದೆ. ಪಿಸ್ಟನ್ ಕೆಳಕ್ಕೆ ಬಂದಾಗ ಆ ಮಿಶ್ರಣ ಒತ್ತಿಕೊಂಡು, ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳ ಮೂಲಕ ಪಿಸ್ಟನ್ನಿನ ಮೇಲಕ್ಕೆ ನುಗ್ಗುತ್ತದೆ. ಅಲ್ಲಿ ಪ್ಲಗ್ಗು ಕಿಡಿ ಕೊಡುತ್ತದೆ. ಉರಿದ ಹೊಗೆ ಇನ್ನೊಂದು ಬದಿಯ ಕಿಂಡಿಗಳಿಂದ ಸೈಲೆನ್ಸರಿಗೆ ಹೋಗುತ್ತದೆ.

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಈ ಎಂಜಿನ್ನಿನ ಬೇರಿಂಗಿಗೆ, ಪಿಸ್ಟನ್ನಿಗೆ ಬೇರೆ ಎಣ್ಣೆ ತೊಟ್ಟಿ ಇಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ನಾವು 1 ಲೀಟರಿಗೆ 40 ಮಿ.ಲೀ. ಹಾಕುತ್ತೇವೆ. ಅಂದರೆ ಗಾಳಿ, ಪೆಟ್ರೋಲು, ಎಣ್ಣೆ ಮೂರೂ ಒಂದೇ ದಾರಿಯಲ್ಲಿ ಬರುತ್ತವೆ. ಆ ದಾರಿಯಲ್ಲಿ ದೂಳು ಬಂದರೆ ಅದು ಮೊದಲು ಕೆಳಗಿನ ಬೇರಿಂಗಿಗೆ ತಗಲುತ್ತದೆ, ಆಮೇಲೆ ಪಿಸ್ಟನ್ನಿಗೆ ತಗಲುತ್ತದೆ. ಒಂದೇ ದೂಳು ಎರಡು ಕಡೆ ಹಾಳು ಮಾಡುತ್ತದೆ.

3. ಒಂದು ಲೆಕ್ಕ

ಸಿಲಿಂಡರಿನ ಅಡ್ಡಳತೆ 65 ಮಿ.ಮೀ. ಪಿಸ್ಟನ್ ಓಡಾಡುವ ದೂರ 75 ಮಿ.ಮೀ. ಗಣಿತದ ಮೇಷ್ಟ್ರು ಹೇಳಿಕೊಟ್ಟಂತೆ ಘನಫಲ ತೆಗೆದೆ.

3.14 × 3.25 × 3.25 × 7.5 = 248.7 ಘನ ಸೆಂ.ಮೀ.

ಇದನ್ನೇ ನಾವು 250 ಸಿ.ಸಿ. ಎನ್ನುವುದು. ಎಂಜಿನ್ನು ನಿಮಿಷಕ್ಕೆ 4000 ಸುತ್ತು ತಿರುಗುವಾಗ ಒಂದೊಂದು ಸುತ್ತಿಗೂ ಸಿಲಿಂಡರ್ ತುಂಬ ಗಾಳಿ ಎಳೆಯಿತು ಎಂದು ಇಟ್ಟುಕೊಂಡರೆ, ಒಂದು ನಿಮಿಷಕ್ಕೆ ಹತ್ತಿರ ಹತ್ತಿರ 1000 ಲೀಟರ್ ಗಾಳಿ ಬೇಕು. ನಮ್ಮೂರ ಡೈರಿಯ ಹಾಲಿನ ಕ್ಯಾನು 40 ಲೀಟರಿನದು. ಅಂದರೆ ನಿಮಿಷಕ್ಕೆ 25 ಕ್ಯಾನು ಗಾಳಿ! ನಿಜವಾಗಿ ಇದಕ್ಕಿಂತ ಸ್ವಲ್ಪ ಕಡಿಮೆ ಎಳೆಯುತ್ತದೆ ಎಂದು ಮೇಷ್ಟ್ರು ಹೇಳಿದರು. ಆದರೂ ನಮ್ಮ ಊರಿನ ಮಣ್ಣು ರಸ್ತೆಯಲ್ಲಿ 25 ಕ್ಯಾನು ಗಾಳಿಯಲ್ಲಿ ಎಷ್ಟು ದೂಳಿರಬಹುದು, ನೀವೇ ಯೋಚಿಸಿ.

ಇನ್ನೊಂದು ಲೆಕ್ಕ. 4000 ಸುತ್ತು ಎಂದರೆ ಸೆಕೆಂಡಿಗೆ 66 ಸುತ್ತಿಗಿಂತ ಹೆಚ್ಚು. ಒಂದು ಸುತ್ತಿಗೆ ಪಿಸ್ಟನ್ ಮೇಲಕ್ಕೆ 7.5 ಸೆಂ.ಮೀ., ಕೆಳಕ್ಕೆ 7.5 ಸೆಂ.ಮೀ. ಓಡುತ್ತದೆ. ಒಟ್ಟು ಸೆಕೆಂಡಿಗೆ ಸುಮಾರು 10 ಮೀಟರ್. ಆ ವೇಗದಲ್ಲಿ ಪಿಸ್ಟನ್ನಿಗೂ ಗೋಡೆಗೂ ಮಧ್ಯೆ ಇರುವ ಸಂದು ತಲೆ ಕೂದಲಿನ ದಪ್ಪದಷ್ಟೇ. ಅಲ್ಲಿ ಎಣ್ಣೆಯ ತೆಳು ಪದರ ಮಾತ್ರ ಇರಬೇಕು. ಕಲ್ಲಿಗೆ ಅಲ್ಲಿ ಜಾಗವಿಲ್ಲ.

4. ಕಲ್ಲು ಯಾಕೆ ಅಷ್ಟು ಕೆಟ್ಟದ್ದು? (ಪ್ರಯೋಗ)

ಅನ್ನದಲ್ಲಿ ಕಲ್ಲು ಸಿಕ್ಕಿದರೆ ಹಲ್ಲಿಗೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಎಂಜಿನ್ನಿಗೂ ಹಾಗೆಯೇ. ಮರಳಿನಲ್ಲಿ ಹೆಚ್ಚಾಗಿ ಇರುವುದು ಬೆಣಚುಕಲ್ಲು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುತ್ತಾರೆ. ಇದಕ್ಕೆ ಮೋಸ್ ಅಳತೆ ಎಂದು ಹೆಸರು. ವಜ್ರ 10, ಬೆಣಚುಕಲ್ಲು 7. ಅಲ್ಯೂಮಿನಿಯಂ 3ಕ್ಕಿಂತ ಕಡಿಮೆ. ಗಡಸು ವಸ್ತು ಮೆತ್ತನೆಯ ವಸ್ತುವನ್ನು ಗೀರುತ್ತದೆ.

ಬೇಕಾದ ಸಾಮಗ್ರಿಗಳು: ಹಳೆಯ ಅಲ್ಯೂಮಿನಿಯಂ ಮುಚ್ಚಳ, ಎರಡು ತೊಟ್ಟು ಕೊಬ್ಬರಿ ಎಣ್ಣೆ, ಬಟ್ಟೆ ಚೂರು, ಒಂದು ಚಿಟಿಕೆ ಸಣ್ಣ ಮರಳು, ಒಂದು ಅಯಸ್ಕಾಂತ.

ಮಾಡುವ ವಿಧಾನ: ಮೊದಲು ಬರೀ ಎಣ್ಣೆ ಹಾಕಿ ಬಟ್ಟೆಯಿಂದ ಉಜ್ಜಿ. ಮುಚ್ಚಳ ಜಾರುತ್ತದೆ, ಹೊಸ ಗೆರೆ ಬೀಳುವುದಿಲ್ಲ. ಈಗ ಅದೇ ಎಣ್ಣೆಗೆ ಮರಳು ಹಾಕಿ ಇಪ್ಪತ್ತು ಸಲ ಉಜ್ಜಿ. ಎಣ್ಣೆ ಕಪ್ಪಾಗುತ್ತದೆ, ಮುಚ್ಚಳದ ತುಂಬ ಗೆರೆ ಬೀಳುತ್ತದೆ. ಆ ಕಪ್ಪು ಎಂದರೆ ಸವೆದು ಬಂದ ಅಲ್ಯೂಮಿನಿಯಂ.

ತೀರ್ಮಾನ: ಎಣ್ಣೆ ಇದ್ದರೆ ಸಾಕು, ದೂಳು ಏನೂ ಮಾಡುವುದಿಲ್ಲ ಎಂಬುದು ತಪ್ಪು. ಎಣ್ಣೆಯ ಜೊತೆ ದೂಳು ಸೇರಿದರೆ ಅದೇ ಉಜ್ಜುವ ಪುಡಿಯಾಗುತ್ತದೆ.

ಆಮೇಲೆ ಬೇರೆ ಒಣ ಮರಳಿಗೆ ಅಯಸ್ಕಾಂತ ಹಿಡಿಯಿರಿ. ಕರಿ ಮರಳು ಸ್ವಲ್ಪ ಅಂಟಿಕೊಳ್ಳುತ್ತದೆ. ಬಿಳಿ ಮರಳು ಅಂಟುವುದಿಲ್ಲ. ಆದ್ದರಿಂದ ಎಂಜಿನ್ನಿನೊಳಗೆ ಬಿದ್ದ ಕಲ್ಲನ್ನು ಅಯಸ್ಕಾಂತದಿಂದ ತೆಗೆಯಲು ಆಗುವುದಿಲ್ಲ. ಕಬ್ಬಿಣದ ಸ್ಕ್ರೂ, ವಾಷರ್ ಆದರೆ ತೆಗೆಯಬಹುದು.

5. ನಾನು ಮಾಡಿದ ತಪ್ಪು

ಹೋದ ವರ್ಷ ಯುಗಾದಿಗೆ ಮುಂಚೆ ನಮ್ಮ ಊರಿನ ರಸ್ತೆಗೆ ಜಲ್ಲಿ ಸುರಿದಿದ್ದರು. ಲಾರಿ ಓಡಾಡಿ ಜಲ್ಲಿಯ ಪುಡಿ ಎಲ್ಲ ಕಡೆ ಹಾರುತ್ತಿತ್ತು. ಗಾಡಿಯ ಎಂಜಿನ್ನಿನ ಮೇಲೆ, ರೆಕ್ಕೆಗಳ ಸಂದಿನಲ್ಲಿ, ಪ್ಲಗ್ಗಿನ ಸುತ್ತ ಅದೇ ತುಂಬಿತ್ತು.

ಒಂದು ಭಾನುವಾರ ಸಾಯಂಕಾಲ ಗಾಡಿ ಸರಿಯಾಗಿ ಸ್ಟಾರ್ಟ್ ಆಗುತ್ತಿರಲಿಲ್ಲ. ಪ್ಲಗ್ಗು ಬಿಚ್ಚಿ ಒರೆಸಿ ಹಾಕುವುದನ್ನು ಅಪ್ಪ ನನಗೆ ಹೇಳಿಕೊಟ್ಟಿದ್ದರು. "ಮೊದ್ಲು ಸುತ್ತ ಒರೆಸ್ಕೊ, ಆಮೇಲೆ ಪಾನ ಹಾಕು" ಎಂದು ಯಾವಾಗಲೂ ಹೇಳುತ್ತಿದ್ದರು. ಆ ದಿನ ಕ್ರಿಕೆಟ್ ಆಡಲು ಹುಡುಗರು ಕರೆಯುತ್ತಿದ್ದರು. ನಾನು ಒರೆಸಲಿಲ್ಲ. ಸೀದಾ ಪಾನ ಹಾಕಿ ತಿರುಗಿಸಿಬಿಟ್ಟೆ. ಪ್ಲಗ್ಗು ಈಚೆಗೆ ಬಂತು. ಅದರ ಜೊತೆಗೇ ಸುತ್ತ ಕೂತಿದ್ದ ಒಂದು ಕಲ್ಲಿನ ಚೂರು ತೂತಿನೊಳಕ್ಕೆ ಉರುಳಿತು. ಟಿಕ್ ಎಂದು ಸದ್ದಾಯಿತು. ನಾನು ಕೇಳಿಸಿಕೊಂಡೆ.

ನನಗೆ ಭಯವಾಯಿತು. ಬಗ್ಗಿ ನೋಡಿದೆ, ಕತ್ತಲೆ. ಏನೂ ಕಾಣಲಿಲ್ಲ. ಅಷ್ಟು ಸಣ್ಣ ಕಲ್ಲು, ಹೊಗೆಯ ಜೊತೆ ಹೊರಗೆ ಹೋಗುತ್ತದೆ ಬಿಡು ಎಂದುಕೊಂಡೆ. ಪ್ಲಗ್ಗು ಒರೆಸಿ ಬಿಗಿ ಮಾಡಿದೆ. ಅಪ್ಪ ಬಂದು, "ಆಯ್ತಾ ಮಗ? ಒಳಕ್ಕೇನೂ ಬೀಳ್ಲಿಲ್ಲ ತಾನೆ?" ಎಂದು ಕೇಳಿದರು. ನಾನು "ಇಲ್ಲ ಅಪ್ಪ" ಎಂದೆ.

ಮಾರನೇ ದಿನ ಬೆಳಗಿನ ಜಾವ ಅಪ್ಪ ಕಿಕ್ ಹೊಡೆದರು. ಒಂದು ಥರ ಕಿರ್ ಕಿರ್ ಎಂದಿತು. ಆಮೇಲೆ ಸ್ಟಾರ್ಟ್ ಆಯಿತು. ನಾನು ಹಾಸಿಗೆಯಲ್ಲಿ ಎಚ್ಚರವಾಗಿದ್ದೆ. ಎದ್ದು ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ಊರು ದಾಟಿ ಎರಡು ಮೈಲಿ ಹೋಗುವಷ್ಟರಲ್ಲಿ ಎಂಜಿನ್ನು ಹಿಡಿದುಕೊಂಡು ಹಿಂದಿನ ಚಕ್ರ ನಿಂತೇಹೋಯಿತಂತೆ. ಮೂಟೆಯ ಭಾರಕ್ಕೆ ಗಾಡಿ ಬದಿಗೆ ವಾಲಿತು. ಅಪ್ಪನ ಮೊಣಕಾಲು ತರಚಿತು. ಪುಣ್ಯಕ್ಕೆ ಹಿಂದೆ ಯಾವ ಲಾರಿಯೂ ಬರುತ್ತಿರಲಿಲ್ಲ.

ಮೇಸ್ತ್ರಿ ಮಾವ ಹೆಡ್ಡು ಬಿಚ್ಚಿದಾಗ ನಾನೂ ಶೆಡ್ಡಿಗೆ ಹೋಗಿದ್ದೆ. ಬೋರಿನ ಗೋಡೆಯ ಮೇಲೆ ಉಗುರಿಗೆ ಸಿಗುವಷ್ಟು ಆಳದ ಗೆರೆ. ಒಂದು ರಿಂಗು ಮುರಿದಿತ್ತು. ಪಿಸ್ಟನ್ನಿನ ತಲೆಯ ಮೇಲೆ ಕಲ್ಲು ಕುಟ್ಟಿದ ಗುಳಿಗಳಿದ್ದವು. ಮಾವ ಬೆರಳಿಟ್ಟು ತೋರಿಸಿ, "ಇದು ಎಣ್ಣೆ ಕಮ್ಮಿಯಾಗಿ ಹಿಡ್ದಿರೋದಲ್ಲ. ಒಳಕ್ಕೆ ಏನೋ ಬಿದ್ದದೆ" ಎಂದರು. ಆಗ ನಾನು ಅಳುತ್ತಾ ಎಲ್ಲ ಹೇಳಿದೆ.

ಅಪ್ಪ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆಯಲಿಲ್ಲ. "ಕಿಕ್ ಹೊಡಿಯೋಕ್ ಮುಂಚೆ ಹೇಳಿದ್ರೆ ಅರ್ಧ ಗಂಟೆ ಕೆಲಸ ಕನ ಮಗ" ಎಂದರು. ಅಷ್ಟೇ.

ಬೋರು ಮಾಡಿಸಲು ಮೈಸೂರಿಗೆ ಕಳಿಸಬೇಕಾಯಿತು. ಬೋರು ಮಾಡಿಸುವುದು ಎಂದರೆ ಗೆರೆ ಹೋಗುವವರೆಗೆ ಸಿಲಿಂಡರಿನ ಒಳಗೋಡೆಯನ್ನು ಯಂತ್ರದಲ್ಲಿ ಕೆರೆದು, ಅದಕ್ಕೆ ಸರಿಯಾಗಿ ಸ್ವಲ್ಪ ದಪ್ಪದ ಪಿಸ್ಟನ್ ಹಾಕುವುದು. ಒಂದೊಂದು ಸಲವೂ ಗೋಡೆ ತೆಳುವಾಗುತ್ತದೆ. ನಮ್ಮ ಗಾಡಿಗೆ ತಾತನ ಕಾಲದಲ್ಲೇ ಎರಡು ಸಲ ಆಗಿತ್ತು. "ಇನ್ನ ಒಂದ್ ಸಲ ಆಗ್ಬೋದು, ಅಷ್ಟೇಯ. ಆಮೇಲೆ ಬೋರೇ ಹೊಸದು ಹುಡುಕ್ಬೇಕು" ಎಂದು ಮಾವ ಹೇಳಿದರು. ಪಿಸ್ಟನ್ ಸಿಗುವುದಕ್ಕೆ ತಡವಾಗಿ ಒಟ್ಟು 19 ದಿನ ಗಾಡಿ ನಿಂತಿತ್ತು. ಅಪ್ಪ ಅಷ್ಟು ದಿನವೂ ಊರಿಗೆ ಬರುವ ದಲ್ಲಾಳಿಗೇ ಕಡಿಮೆ ಬೆಲೆಗೆ ಸೊಪ್ಪು ಕೊಟ್ಟರು. ಯುಗಾದಿಗೆ ಬಟ್ಟೆ ತೆಗೆಯಲು ಅವ್ವ ಇಟ್ಟಿದ್ದ ದುಡ್ಡು ಬೋರಿಗೆ ಹೋಯಿತು. ತಂಗಿಗೆ ಕಾರಣ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನನಗೆ ಸರಿಯಾಗಿ ಹೊಂದುತ್ತದೆ. ಆಮೇಲೆ ನಾನು ರಜೆಯಲ್ಲಿ ಮಾವನ ಶೆಡ್ಡಿಗೆ ಹೋಗಿ ಕೂತು ಕೇಳಿ ತಿಳಿದದ್ದನ್ನು ಮುಂದೆ ಬರೆದಿದ್ದೇನೆ.

6. ಕಸ ಬರುವ ದಾರಿಗಳು ಮತ್ತು ತಡೆಯುವ ಬಗೆ

ಅ) ಗಾಳಿಯ ದಾರಿ

ಗಾಳಿಯ ದೂಳನ್ನು ತಡೆಯುವುದು ಏರ್ ಫಿಲ್ಟರ್. ಅವ್ವ ಹಿಟ್ಟು ಜರಡಿ ಹಿಡಿಯುವ ಹಾಗೆ. ನಮ್ಮ ಗಾಡಿಗೆ ಮಾವ ಫೋಮಿನ ಫಿಲ್ಟರ್ ಹಾಕಿದ್ದಾರೆ. ಅದನ್ನು ಸೋಪಿನ ನೀರಿನಲ್ಲಿ ಮೆಲ್ಲಗೆ ಹಿಸುಕಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಸ್ವಲ್ಪ ಎಣ್ಣೆ ಸವರಿ, ಹಿಂಡಿ ಹಾಕಬೇಕು. ಎಣ್ಣೆಯ ಜಿಗುಟಿಗೆ ದೂಳು ಅಂಟಿಕೊಳ್ಳುತ್ತದೆ. ಪೆಟ್ರೋಲಿನಲ್ಲಿ ತೊಳೆಯಬಾರದು, ಬೆಂಕಿಯ ಅಪಾಯ. ಕಾಗದದ ಫಿಲ್ಟರ್ ಆದರೆ ತೊಳೆಯಲೇಬಾರದು, ಮೆಲ್ಲಗೆ ತಟ್ಟಿ ದೂಳು ಉದುರಿಸಬೇಕು. ಹಾಳಾಗಿದ್ದರೆ ಬದಲಾಯಿಸಬೇಕು.

ಕೆಲವರು ಸದ್ದು ಜೋರಾಗಿ ಬರಲಿ ಎಂದು ಫಿಲ್ಟರನ್ನೇ ಕಿತ್ತು ಹಾಕುತ್ತಾರೆ. ಇದು ಜರಡಿ ಬಿಸಾಕಿ ಹಿಟ್ಟು ಕಲಸಿದಂತೆ. ಇನ್ನೊಂದು ಮುಖ್ಯ ಮಾತು: ಫಿಲ್ಟರಿನಿಂದ ಕಾರ್ಬುರೇಟರಿಗೆ ಬರುವ ರಬ್ಬರು ಸೀಳಿದ್ದರೆ ಫಿಲ್ಟರ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ದೂಳು ಸೀಳಿನಿಂದಲೇ ನುಗ್ಗುತ್ತದೆ. ಗಾಡಿ ಬಹಳ ದಿನ ನಿಂತಿದ್ದರೆ ಫಿಲ್ಟರ್ ಡಬ್ಬಿಯೊಳಗೆ ಇಲಿ ಗೂಡು ಮಾಡಿರುವುದೂ ಉಂಟು. ಸ್ಟಾರ್ಟ್ ಮಾಡುವ ಮುಂಚೆ ತೆಗೆದು ನೋಡಬೇಕು.

ಆ) ಪೆಟ್ರೋಲಿನ ದಾರಿ

ಹಳೆ ಟ್ಯಾಂಕಿನೊಳಗೆ ತುಕ್ಕು ಹಿಡಿದು ಚಕ್ಕೆ ಏಳುತ್ತದೆ. ಅದು ಕಾರ್ಬುರೇಟರಿನ ಜೆಟ್ಟಿನ ಸಣ್ಣ ತೂತನ್ನು ಮುಚ್ಚುತ್ತದೆ. ಆಗ ಪೆಟ್ರೋಲು ಕಡಿಮೆ ಬರುತ್ತದೆ. ಪೆಟ್ರೋಲಿನ ಜೊತೆಗೇ ಎಣ್ಣೆಯೂ ಕಡಿಮೆಯಾಗುತ್ತದೆ. ಎಂಜಿನ್ನು ಕಾದು ಹಿಡಿದುಕೊಳ್ಳಬಹುದು. ಟೂ ಸ್ಟ್ರೋಕ್ ಗಾಡಿಗೆ ಇದು ಬಹಳ ಅಪಾಯ.

ಟ್ಯಾಂಕನ್ನು ಬಹಳ ದಿನ ಖಾಲಿ ಬಿಡಬಾರದು. ಖಾಲಿ ಟ್ಯಾಂಕಿನಲ್ಲಿ ತೇವ ಕೂತು ತುಕ್ಕು ಹಿಡಿಯುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಹಳೆ ಕಾಲದ ರಬ್ಬರ್ ಪೈಪನ್ನೂ ಮೆತ್ತಗೆ ಮಾಡಿ ಪುಡಿ ಪುಡಿ ಮಾಡಬಹುದು. ಆದ್ದರಿಂದ ಪೈಪನ್ನು ಆಗಾಗ ಹಿಸುಕಿ ನೋಡಿ, ಬಿರುಕು ಬಿಟ್ಟಿದ್ದರೆ ಬದಲಾಯಿಸಬೇಕು. ಟ್ಯಾಂಕಿನ ಕೆಳಗಿನ ನಲ್ಲಿಯ ಜಾಲರಿಯನ್ನು ಶುಚಿ ಮಾಡಬೇಕು. ಎಣ್ಣೆ ಅಳೆಯುವ ಲೋಟ, ಆಲಿಕೆ ಎರಡನ್ನೂ ಕವರಿನಲ್ಲಿ ಸುತ್ತಿ ಇಡಬೇಕು. ನಮ್ಮ ಆಲಿಕೆ ಮೊದಲು ಕೊಟ್ಟಿಗೆಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅದರ ತುಂಬ ಹುಲ್ಲಿನ ದೂಳು. ಅದರಲ್ಲೇ ಪೆಟ್ರೋಲು ಹಾಕುತ್ತಿದ್ದೆವು!

ಪೆಟ್ರೋಲಿನ ಕೆಲಸವನ್ನು ನಾವು ಮಕ್ಕಳು ಒಬ್ಬರೇ ಮಾಡಬಾರದು. ದೊಡ್ಡವರ ಜೊತೆ, ಬಯಲಿನಲ್ಲಿ, ಒಲೆ ದೀಪ ಇಲ್ಲದ ಕಡೆ ಮಾಡಬೇಕು.

ಇ) ನಾವೇ ತೆರೆಯುವ ದಾರಿ

ನನ್ನ ತಪ್ಪು ಇದೇ ದಾರಿಯದು. ಪ್ಲಗ್ಗು ಬಿಚ್ಚುವ ಮುಂಚೆ ಎಂಜಿನ್ನು ಆರಿರಬೇಕು. ಪ್ಲಗ್ಗಿನ ಸುತ್ತ ಬ್ರಷ್ಷಿನಿಂದ ಉಜ್ಜಬೇಕು. ಸೈಕಲ್ ಪಂಪಿನಿಂದ ಗಾಳಿ ಹೊಡೆದು ದೂಳು ಹಾರಿಸಬೇಕು. ಪ್ಲಗ್ಗನ್ನು ಎರಡು ಸುತ್ತು ಸಡಿಲ ಮಾಡಿ ಇನ್ನೊಮ್ಮೆ ಗಾಳಿ ಹೊಡೆಯಬೇಕು. ಆಮೇಲೆ ಪೂರ್ತಿ ಬಿಚ್ಚಬೇಕು. ಬಿಚ್ಚಿದ ತಕ್ಷಣ ತೂತಿಗೆ ಶುಚಿಯಾದ ದೊಡ್ಡ ಬಟ್ಟೆ ಮುಚ್ಚಬೇಕು. ಸಣ್ಣ ಚೂರು ಬಟ್ಟೆ ಆದರೆ ಅದೇ ಒಳಗೆ ಹೋಗಬಹುದು. ನೂಲು ಬಿಡುವ ವೇಸ್ಟ್ ಬಟ್ಟೆಯೂ ಬೇಡ. ಉಪ್ಪುಕಾಗದದಿಂದ ಪ್ಲಗ್ಗು ಉಜ್ಜಿದರೆ ಅದರ ಹರಳು ಪ್ಲಗ್ಗಿನಲ್ಲೇ ಸಿಕ್ಕಿಕೊಂಡಿರುತ್ತದೆ. ಅದನ್ನು ಚೆನ್ನಾಗಿ ತೊಳೆದು ಊದಿ ಹಾಕಬೇಕು.

ಕಾರ್ಬುರೇಟರ್ ಬಿಚ್ಚಿದರೂ ಹೀಗೆಯೇ ಬಾಯಿ ಮುಚ್ಚಬೇಕು. ಬಿಚ್ಚಿದ ನಟ್ಟು, ವಾಷರುಗಳನ್ನು ಎಣಿಸಿ ತಟ್ಟೆಯಲ್ಲಿ ಹಾಕಿಡಬೇಕು. ಜೋಡಿಸುವಾಗ ಒಂದು ಕಡಿಮೆ ಬಂದರೆ ಅದು ಸಿಗುವವರೆಗೆ ಕಿಕ್ ಹೊಡೆಯಬಾರದು.

ಈ) ಹೊರಗಿನಿಂದ

ಸಿಲಿಂಡರಿನ ಸುತ್ತ ಇರುವ ರೆಕ್ಕೆಗಳು ಅಂದಕ್ಕೆ ಇರುವುದಲ್ಲ. ಗಾಳಿ ತಗಲಿ ಎಂಜಿನ್ನು ಆರಲಿ ಎಂದು ಇರುವುದು. ಅವುಗಳ ಸಂದಿನಲ್ಲಿ ಕೆಸರು ಒಣಗಿ ಕೂತರೆ ಶಾಖ ಹೊರಗೆ ಹೋಗುವುದಿಲ್ಲ. ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಆದ್ದರಿಂದ ಪಿಸ್ಟನ್ ಬೋರಿಗಿಂತ ಹೆಚ್ಚು ಹಿಗ್ಗಿ ಹಿಡಿದುಕೊಳ್ಳುತ್ತದೆ. ಗದ್ದೆ ಕೆಸರಿನಲ್ಲಿ ಹೋಗಿ ಬಂದ ಮೇಲೆ, ಎಂಜಿನ್ನು ಆರಿದ ಮೇಲೆ, ಕಡ್ಡಿ ಮತ್ತು ಬ್ರಷ್ಷಿನಿಂದ ಕೆಸರು ತೆಗೆಯಬೇಕು. ಕಾದ ಎಂಜಿನ್ನಿಗೆ ತಣ್ಣೀರು ಎರಚಬಾರದು.

ಮುಂದಿನ ಚಕ್ರದ ಮಡ್‌ಗಾರ್ಡಿನ ತುದಿಗೆ ರಬ್ಬರ್ ಹಾಳೆ ಕಟ್ಟಿದರೆ ಚಕ್ರ ಎರಚುವ ಜಲ್ಲಿ ಎಂಜಿನ್ನಿಗೆ ಬಡಿಯುವುದು ಬಹಳ ಕಡಿಮೆಯಾಗುತ್ತದೆ. ನಾವು ಹಳೆ ಸೈಕಲ್ ಟ್ಯೂಬು ಕತ್ತರಿಸಿ ಕಟ್ಟಿದ್ದೇವೆ. ಅದು ಚಕ್ರಕ್ಕೆ ತಗಲದಂತೆ ನೋಡಿಕೊಳ್ಳಬೇಕು.

ಸುಗ್ಗಿಯಲ್ಲಿ ನಮ್ಮೂರ ಟಾರು ರಸ್ತೆಯ ಮೇಲೆ ರಾಗಿ, ಹುರುಳಿ ಹಾಸಿ ಒಕ್ಕಣೆ ಮಾಡುತ್ತಾರೆ. ಹುಲ್ಲು ಚಕ್ರಕ್ಕೆ, ಚೈನಿಗೆ ಸುತ್ತಿಕೊಳ್ಳುತ್ತದೆ. ಎಂಜಿನ್ನಿನ ಹತ್ತಿರದ ಹಲ್ಲುಚಕ್ರಕ್ಕೆ ಹುಲ್ಲು ಸುತ್ತಿದರೆ ಅಲ್ಲಿಯ ಎಣ್ಣೆ ಸೀಲು ಹಾಳಾಗುತ್ತದೆ. ಚೈನು ತುಂಡಾದರೆ ಎಂಜಿನ್ನಿನ ಕವಚವನ್ನೇ ಒಡೆಯಬಹುದು. ಕಾದ ಸೈಲೆನ್ಸರಿಗೆ ಹುಲ್ಲು ತಗಲಿ ಬೆಂಕಿ ಹತ್ತುವ ಅಪಾಯವೂ ಇದೆ. ನಮ್ಮ ಗಾಡಿಯ ಚೈನಿಗೆ ಪೂರ್ತಿ ಮುಚ್ಚುವ ಕವರ್ ಕಾರ್ಖಾನೆಯಲ್ಲೇ ಹಾಕಿದ್ದಾರೆ. ಅದನ್ನು ತೆಗೆಸಬಾರದು. ಒಕ್ಕಣೆ ಮಾಡಿರುವ ಕಡೆ ಇಳಿದು ತಳ್ಳಿಕೊಂಡು ಹೋಗುವುದು ಒಳ್ಳೆಯದು.

ಬಹಳ ದಿನ ನಿಲ್ಲಿಸಿದ ಗಾಡಿಯ ಸೈಲೆನ್ಸರ್ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಬಹುದು. ಬಾಯಿಗೆ ಬಟ್ಟೆ ಕಟ್ಟಿ ನಿಲ್ಲಿಸಬೇಕು. ಸ್ಟಾರ್ಟ್ ಮಾಡುವಾಗ ಮರೆಯದೆ ತೆಗೆಯಬೇಕು.

7. ಬುಲೆಟ್ ಗಾಡಿಗೆ ಇದು ಬೇಕಿಲ್ಲವೇ?

ಬೇಕು. ಮದ್ರಾಸಿನಲ್ಲಿ 1955ರಿಂದ ತಯಾರಾದ ಬುಲೆಟ್ ಗಾಡಿಯದು ಫೋರ್ ಸ್ಟ್ರೋಕ್ ಎಂಜಿನ್. ಅದರಲ್ಲಿ ಎಣ್ಣೆ ಬೇರೆಯಾಗಿ ಇದ್ದು, ಪಂಪಿನಿಂದ ಎಂಜಿನ್ನಿನೊಳಗೆ ಸುತ್ತುತ್ತದೆ. ನಮ್ಮ ಗಾಡಿಯ ಎಣ್ಣೆ ಉರಿದು ಹೋಗುತ್ತದೆ. ಬುಲೆಟ್ಟಿನಲ್ಲಿ ಅದೇ ಎಣ್ಣೆ ಮತ್ತೆ ಮತ್ತೆ ಸುತ್ತುವುದರಿಂದ ಅದರಲ್ಲಿ ಸೇರಿದ ಕಬ್ಬಿಣದ ಪುಡಿಯೂ ಸುತ್ತುತ್ತದೆ. ಅದಕ್ಕೇ ಅದಕ್ಕೆ ಎಣ್ಣೆ ಫಿಲ್ಟರ್ ಇದೆ. ಎಣ್ಣೆಯನ್ನೂ ಫಿಲ್ಟರನ್ನೂ ಹೊತ್ತಿಗೆ ಸರಿಯಾಗಿ ಬದಲಾಯಿಸಬೇಕು. ನಮ್ಮ ಗಾಡಿಯಲ್ಲೂ ಗೇರಿಗೆ ಬೇರೆ ಎಣ್ಣೆ ಇದೆ. ಆ ಹಳೆ ಎಣ್ಣೆಯನ್ನು ತಟ್ಟೆಗೆ ಬಿಟ್ಟು ಅಯಸ್ಕಾಂತ ಆಡಿಸಿದರೆ ಕಬ್ಬಿಣದ ಪುಡಿ ಮೀಸೆಯ ಹಾಗೆ ಅಂಟಿಕೊಂಡು ಬರುತ್ತದೆ. ನಯವಾದ ಪುಡಿ ಸ್ವಲ್ಪ ಇದ್ದರೆ ಸವೆತ ಎಂದು ತಿಳಿಯಬೇಕು. ಚೂರುಗಳು ಬಂದರೆ ಹಲ್ಲು ಮುರಿದಿದೆ ಎಂದು ತಿಳಿದು ಗಾಡಿ ನಿಲ್ಲಿಸಬೇಕು.

8. ಒಳಗೆ ಬಿದ್ದೇ ಬಿಟ್ಟರೆ?

ಎಷ್ಟೇ ಎಚ್ಚರ ಇದ್ದರೂ ಒಮ್ಮೊಮ್ಮೆ ಬೀಳುತ್ತದೆ. ಆಗ ಮೊದಲ ನಿಯಮ: ಕಿಕ್ ಹೊಡೆಯಬಾರದು, ಗಾಡಿಯನ್ನು ಗೇರಿನಲ್ಲಿ ತಳ್ಳಬಾರದು. ಪಿಸ್ಟನ್ ಅಲ್ಲಾಡದಿದ್ದರೆ ಕಲ್ಲು ಏನೂ ಮಾಡುವುದಿಲ್ಲ. ಟಾರ್ಚು ಬಿಟ್ಟು ನೋಡಬೇಕು. ಕಬ್ಬಿಣವಾದರೆ ಕಡ್ಡಿಯ ತುದಿಗೆ ಅಯಸ್ಕಾಂತ ಗಟ್ಟಿಯಾಗಿ ಕಟ್ಟಿ ತೆಗೆಯಬಹುದು. ಕಲ್ಲಾದರೆ ಮುರಿಯದ ಉದ್ದ ಕಡ್ಡಿಯ ತುದಿಗೆ ಗ್ರೀಸು ಹಚ್ಚಿ ಅಂಟಿಸಿ ತೆಗೆಯಬಹುದು. ಬರದಿದ್ದರೆ ಮೇಸ್ತ್ರಿಯನ್ನು ಕರೆದು ಹೆಡ್ಡು ಬಿಚ್ಚಿಸಬೇಕು. ಅರ್ಧ ಗಂಟೆಯ ಕೆಲಸ ಎಂದು ಅಪ್ಪ ಹೇಳಿದ್ದು ಇದನ್ನೇ.

ಇವೆಲ್ಲಕ್ಕಿಂತ ಮೊದಲು ಗಾಡಿ ಓಡಿಸುವವರಿಗೆ ಹೇಳಬೇಕು. ಬೈಗುಳ ಬಿದ್ದರೂ ಪರವಾಗಿಲ್ಲ.

9. ಉಪಸಂಹಾರ

ನಮ್ಮೂರಿನಲ್ಲಿ ನಮ್ಮದು ಸೇರಿ ಮೂರು ಹಳೆ ಜಾವಾ, ಯೆಜ್ಡಿಗಳಿವೆ. ನನಗಿಂತ ಅಷ್ಟೇ ಅಲ್ಲ, ನಮ್ಮ ಕೆಲವು ಮೇಷ್ಟ್ರಿಗಿಂತಲೂ ಅವುಗಳಿಗೆ ವಯಸ್ಸಾಗಿದೆ. ಅವುಗಳನ್ನು ಮಾಡಿದ ಕಾರ್ಖಾನೆ ಇಲ್ಲ. ಆದರೂ ಬೆಳಗಿನ ಜಾವ ಡುಬ್ ಡುಬ್ ಎಂದು ಸದ್ದು ಬರುತ್ತದೆ. ಒಂದು ಬಟ್ಟೆ, ಒಂದು ಬ್ರಷ್ಷು, ಸ್ವಲ್ಪ ತಾಳ್ಮೆ ಇದ್ದರೆ ಇನ್ನೂ ಬಹಳ ವರ್ಷ ಬರುತ್ತದೆ.

ಈಗ ಭಾನುವಾರ ಪ್ಲಗ್ಗು ಒರೆಸುವ ಕೆಲಸ ಮತ್ತೆ ನನ್ನದೇ. ಮೊದಲು ಅಪ್ಪ ಕೊಡುವುದಿಲ್ಲ ಎಂದುಕೊಂಡಿದ್ದೆ, ಕೊಟ್ಟರು. ಮುಗಿದ ಮೇಲೆ "ಎಲ್ಲ ಸರೀನಾ ಮಗ?" ಎಂದು ಕೇಳುತ್ತಾರೆ. ಒಮ್ಮೆ ವಾಷರ್ ಎಲ್ಲಿ ಹೋಯಿತು ಎಂದು ಗೊತ್ತಾಗಲಿಲ್ಲ. "ಇಲ್ಲ ಅಪ್ಪ, ತಡಿ" ಎಂದೆ. ಇಬ್ಬರೂ ಟಾರ್ಚು ಹಿಡಿದು ಹುಡುಕಿದೆವು. ಅದು ನನ್ನ ಚಪ್ಪಲಿಯ ಕೆಳಗಿತ್ತು. ಆಮೇಲೆ ಕಿಕ್ ಹೊಡೆದರು.

ನೆನಪಿಡಿ

1. ಒರೆಸಿ ಬಿಚ್ಚು, ಬಿಚ್ಚಿದ ಕೂಡಲೇ ಮುಚ್ಚು.
2. ಏರ್ ಫಿಲ್ಟರ್ ಇಲ್ಲದೆ ಗಾಡಿ ಓಡಿಸಬಾರದು.
3. ಆಲಿಕೆ, ಎಣ್ಣೆ ಲೋಟ ಶುಚಿಯಾಗಿರಲಿ.
4. ರೆಕ್ಕೆಗಳಲ್ಲಿ ಕೆಸರು ಇರಬಾರದು.
5. ನಟ್ಟು, ವಾಷರ್ ಎಣಿಸಿ ಇಡಿ.
6. ಏನಾದರೂ ಒಳಗೆ ಬಿದ್ದರೆ ಕಿಕ್ ಹೊಡೆಯುವ ಮುಂಚೆ ಹೇಳಿ.

ಉತ್ತರಿಸಿ (ಉತ್ತರ ಬರೆದು ಪತ್ರಿಕೆಯ ಕೆಳಗಿನ ಡಬ್ಬಿಯಲ್ಲಿ ಹಾಕಿ)

1. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ದೂಳು ಮೊದಲು ಯಾವ ಭಾಗಕ್ಕೆ ತಗಲುತ್ತದೆ? ಏಕೆ?
2. ಎಣ್ಣೆಯ ಜೊತೆ ಮರಳು ಸೇರಿದರೆ ಏನಾಗುತ್ತದೆ? ಪ್ರಯೋಗದ ಮೂಲಕ ವಿವರಿಸಿ.
3. ಬಿಳಿ ಕಲ್ಲಿನ ಚೂರನ್ನು ಅಯಸ್ಕಾಂತದಿಂದ ತೆಗೆಯಬಹುದೇ?
4. ಎಂಜಿನ್ನು ನಿಮಿಷಕ್ಕೆ 2000 ಸುತ್ತು ತಿರುಗಿದರೆ ಎಷ್ಟು ಕ್ಯಾನು ಗಾಳಿ ಬೇಕು? ಲೆಕ್ಕ ಮಾಡಿ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ